ಲ್ಯಾಪ್‌ಲ್ಯಾಂಡಿನ ಕಾಟೇಜೋ, ಕೈನುವಿನ ಕಾಡೋ? ಉತ್ತರ ಫಿನ್ಲೆಂಡಿನಲ್ಲಿ ದುಡ್ಡು ಹಾಕುವ ಮೊದಲು

ಉತ್ತರ ಫಿನ್ಲೆಂಡಿನಲ್ಲಿ ಏನಾದರೂ ಕೊಳ್ಳಬೇಕು, ಇಲ್ಲವೇ ಸಣ್ಣದೊಂದು ವ್ಯವಹಾರ ಶುರು ಮಾಡಬೇಕು ಎನ್ನುವವರು ಮೊದಲು ಕೇಳುವುದು ಎಷ್ಟು ದುಡ್ಡು ಬೇಕು ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಫೆಬ್ರವರಿ ತಿಂಗಳಲ್ಲಿ ನೀವು ಎಲ್ಲಿರುತ್ತೀರಿ? ಆ ಊರಿನಲ್ಲೇನಾ? ಫಿನ್ಲೆಂಡಿನದೇ ದೊಡ್ಡ ಊರುಗಳಾದ ಎಸ್ಪೊ ಅಥವಾ ಔಲುವಿನಲ್ಲಿ ಕೆಲಸ ಮಾಡಿಕೊಂಡಾ? ಇಲ್ಲಾ ಬೆಂಗಳೂರಿನಲ್ಲಾ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ದುಡ್ಡಿನ ಲೆಕ್ಕ ಆಮೇಲೆ.

ಇಲ್ಲಿ ನಾನು ಎರಡು ಸೀಮೆಗಳನ್ನು ಎದುರುಬದುರು ಇಡುತ್ತಿದ್ದೇನೆ. ಒಂದು ಲ್ಯಾಪ್‌ಲ್ಯಾಂಡ್. ಸುಮಾರು 1 ಲಕ್ಷ ಚದರ ಕಿಲೋಮೀಟರ್ ನೆಲ, ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜನ ಮಾತ್ರ 1 ಲಕ್ಷ 80 ಸಾವಿರದ ಒಳಗೆ, ಅದರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ರೊವಾನಿಯೆಮಿ ಒಂದರಲ್ಲೇ ಇದ್ದಾರೆ. ಇನ್ನೊಂದು ಅದರ ದಕ್ಷಿಣಕ್ಕೆ, ರಷ್ಯಾ ಗಡಿಗೆ ಅಂಟಿಕೊಂಡಿರುವ ಕೈನು. ಸುಮಾರು 70 ಸಾವಿರ ಜನ, ಕಯಾನಿ ಅದರ ದೊಡ್ಡ ಊರು. ಲ್ಯಾಪ್‌ಲ್ಯಾಂಡ್ ಅಂದರೆ ಎಲ್ಲರಿಗೂ ಗೊತ್ತು. ಕೈನು ಅಂದರೆ ಹೆಲ್ಸಿಂಕಿಯಲ್ಲಿರುವ ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಬರುವುದಕ್ಕೆ ಇದೂ ಒಂದು ಕಾರಣ.

ಪಕ್ಕದ ದೇಶಗಳನ್ನು ಯಾಕೆ ಬಿಟ್ಟೆ ಅಂದರೆ, ನಾರ್ವೆಯಲ್ಲಿ ದೊಡ್ಡ ಕೃಷಿ ಜಮೀನು ಕೊಂಡರೆ ಅಲ್ಲೇ ಬಂದು ವಾಸ ಮಾಡಬೇಕು ಎಂಬ ಷರತ್ತು ಬೀಳುತ್ತದೆ. ಸ್ವೀಡನ್ನಿನಲ್ಲಿ ಜನ ಕಡಿಮೆ ಇರುವ ಕಡೆ ಕಾಡು ಕೊಳ್ಳಲು ಹೊರಗಿನವರಿಗೆ ಅನುಮತಿ ಬೇಕಾಗುತ್ತದೆ. ಫಿನ್ಲೆಂಡಿನಲ್ಲೂ ನಿಯಮಗಳಿವೆ, ಆದರೆ ಸಣ್ಣ ಹೂಡಿಕೆದಾರ ದಾಟಬಹುದಾದಂಥವು.

ಮೊದಲು ಕಾಗದಪತ್ರ

ಆಸ್ತಿ ಕೊಂಡರೆ ವಾಸದ ಪರ್ಮಿಟ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ವ್ಯವಹಾರ ಬೇಡ. ಫಿನ್ಲೆಂಡಿನಲ್ಲಿ ಅಂಥ ಯೋಜನೆಯೇ ಇಲ್ಲ. ಉದ್ಯಮಿಯ ಪರ್ಮಿಟ್ ಬೇಕಿದ್ದರೆ ಕಂಪನಿಯಲ್ಲಿ ನೀವೇ ಕೂತು ಕೆಲಸ ಮಾಡಬೇಕು, ಆ ವ್ಯವಹಾರದಿಂದ ಹೊಟ್ಟೆ ಹೊರೆಯಬಹುದು ಎಂದು ತೋರಿಸಬೇಕು. ವಲಸೆ ಇಲಾಖೆ ಮಿಗ್ರಿ ಅದನ್ನು ಸುಮ್ನೆ ಒಪ್ಪುವುದಿಲ್ಲ.

2020ರ ಜನವರಿಯಿಂದ ಇನ್ನೊಂದು ನಿಯಮ ಬಂದಿದೆ. ಯುರೋಪಿಯನ್ ಒಕ್ಕೂಟ ಮತ್ತು ಅದರ ಆರ್ಥಿಕ ವಲಯದ ಹೊರಗಿನ ಪೌರರು ಫಿನ್ಲೆಂಡಿನಲ್ಲಿ ಜಮೀನು, ಮನೆ, ಕಾಡು ಕೊಂಡರೆ ರಕ್ಷಣಾ ಸಚಿವಾಲಯದ ಅನುಮತಿ ಪಡೆಯಬೇಕು. ಖರೀದಿಗೆ ಮೊದಲೇ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಖರೀದಿಯಾಗಿ ಎರಡು ತಿಂಗಳೊಳಗೆ ಹಾಕಲೇಬೇಕು. ಕಂಪನಿ ಹೆಸರಲ್ಲಿ ಕೊಂಡರೆ ತಪ್ಪಿಸಿಕೊಳ್ಳಬಹುದು ಅನ್ನುವ ಹಾಗೂ ಇಲ್ಲ. ಫಿನ್ಲೆಂಡಿನ ಕಂಪನಿಯೇ ಆದರೂ ಹತ್ತನೇ ಒಂದು ಪಾಲಿನಷ್ಟು ಮತ ಭಾರತೀಯ ಪಾಸ್‌ಪೋರ್ಟಿನವರ ಕೈಯಲ್ಲಿದ್ದರೆ ಅದಕ್ಕೂ ಅನುಮತಿ ಬೇಕು. ಗಡಿ ಪಕ್ಕದ ಕೈನುವಿನಲ್ಲಿ, ಸೇನೆಯ ಜಾಗಗಳ ಹತ್ತಿರ, ಮೊದಲೇ ಅರ್ಜಿ ಹಾಕುವುದು ಜಾಣತನ.

ಈ ಅನುಮತಿ ಬೇಡದ ಒಂದು ದಾರಿ ಇದೆ. ಫಿನ್ಲೆಂಡಿನಲ್ಲಿ ಅಪಾರ್ಟ್‌ಮೆಂಟ್ ಕೊಳ್ಳುವುದು ಅಂದರೆ ಕಟ್ಟಡದ ಒಡೆತನದ ಹೌಸಿಂಗ್ ಕಂಪನಿಯ ಷೇರು ಕೊಳ್ಳುವುದು. ಕಾನೂನಿನ ಲೆಕ್ಕದಲ್ಲಿ ಅದು ನೆಲ ಅಲ್ಲ, ಷೇರು. ಸ್ಕೀ ಊರುಗಳಲ್ಲಿ ಬೇಕಾದಷ್ಟು ರಜೆಮನೆಗಳು ಇದೇ ರೂಪದಲ್ಲಿವೆ. ತೆರಿಗೆಯೂ ಕಡಿಮೆ. 2023ರ ಅಕ್ಟೋಬರ್‌ನಿಂದ ನೆಲ ಮತ್ತು ಮನೆಗೆ ವರ್ಗಾವಣೆ ತೆರಿಗೆ 3%, ಹೌಸಿಂಗ್ ಷೇರಿಗೆ 1.5%. ಆದರೆ ಷೇರು ಕೊಳ್ಳುವಾಗ ಆ ಹೌಸಿಂಗ್ ಕಂಪನಿಯ ಮೇಲೆ ಎಷ್ಟು ಸಾಲ ಇದೆ, ಅದರಲ್ಲಿ ನಿಮ್ಮ ಪಾಲು ಎಷ್ಟು, ಮುಂದಿನ ವರ್ಷಗಳಲ್ಲಿ ಚಾವಣಿ, ಪೈಪ್ ರಿಪೇರಿ ಬರುತ್ತದಾ ಎಂದು ಮ್ಯಾನೇಜರ್ ಕೊಡುವ ಸರ್ಟಿಫಿಕೇಟಿನಲ್ಲಿ ಓದಿಕೊಳ್ಳಿ. ಜಾಹೀರಾತಿನ ಬೆಲೆ ಕಡಿಮೆ ಕಂಡು, ಉಳಿದದ್ದು ಕಂಪನಿ ಸಾಲವಾಗಿ ನಿಮ್ಮ ತಲೆಗೆ ಬರುವುದು ಇಲ್ಲಿ ಮಾಮೂಲು.

ಕಂಪನಿ ತೆರೆಯುವುದು ಮಾತ್ರ ಸುಲಭ. ಪ್ರೈವೇಟ್ ಲಿಮಿಟೆಡ್‌ಗೆ ಇಷ್ಟೇ ಬಂಡವಾಳ ಇರಬೇಕು ಎಂಬ ಷರತ್ತು 2019ರ ಜುಲೈಯಲ್ಲೇ ಹೋಯಿತು. ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸವಿರುವ ಒಬ್ಬ ನಿರ್ದೇಶಕರಾದರೂ ಬೋರ್ಡಿನಲ್ಲಿರಬೇಕು. ಇಲ್ಲದಿದ್ದರೆ ನೋಂದಣಿ ಕಚೇರಿಯಿಂದ ಬೇರೆ ಅನುಮತಿ ತರಬೇಕು.

ಕಾಟೇಜ್: ಎಲ್ಲರೂ ಮೊದಲು ಯೋಚಿಸುವುದು

ಲ್ಯಾಪ್‌ಲ್ಯಾಂಡಿನ ಪ್ರವಾಸೋದ್ಯಮ ಜೋರಾಗಿದೆ, ಅದರಲ್ಲಿ ಅನುಮಾನ ಇಲ್ಲ. ವರ್ಷಕ್ಕೆ 30 ಲಕ್ಷಕ್ಕೂ ಮೀರಿ ರಾತ್ರಿ ವಾಸ್ತವ್ಯಗಳು ದಾಖಲಾಗುತ್ತವೆ. ಚಳಿಗಾಲದಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಸ್ಪೇನಿನಿಂದ ನೇರ ವಿಮಾನಗಳು ರೊವಾನಿಯೆಮಿಗೂ ಕಿತ್ತಿಲಾಗೂ ಇಳಿಯುತ್ತವೆ. ರೊವಾನಿಯೆಮಿ ಪಕ್ಕದಲ್ಲಿ ಆರ್ಕ್ಟಿಕ್ ವೃತ್ತದ ಮೇಲಿರುವ ಸಾಂತಾ ಕ್ಲಾಸ್ ಹಳ್ಳಿಯ ಕಥೆ ಶುರುವಾದದ್ದು 1950ರಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಭೇಟಿಗೆಂದು ಅವಸರದಲ್ಲಿ ಕಟ್ಟಿದ ಒಂದು ಮರದ ಮನೆಯಿಂದ. ಈಗ ಡಿಸೆಂಬರ್‌ನಲ್ಲಿ ಆ ಊರಲ್ಲಿ ರೂಮು ಸಿಗುವುದೇ ಕಷ್ಟ.

ಸಮಸ್ಯೆ ಆ 'ಡಿಸೆಂಬರ್‌ನಲ್ಲಿ' ಅನ್ನುವುದರಲ್ಲೇ ಇದೆ. ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ವ್ಯಾಪಾರ. ಸೆಪ್ಟೆಂಬರ್‌ನಲ್ಲಿ ಎಲೆಗಳು ಕೆಂಪಾಗುವಾಗ ಎರಡು ಮೂರು ವಾರ ಫಿನ್ನರೇ ನಡೆದಾಡಲು ಬರುತ್ತಾರೆ. ಉಳಿದ ತಿಂಗಳುಗಳಲ್ಲಿ ಸೊಳ್ಳೆ ಜಾಸ್ತಿ, ಗಿರಾಕಿ ಕಮ್ಮಿ. ಹಿಮವೂ ಹೇಳಿದ ದಿನಕ್ಕೆ ಬರುವುದಿಲ್ಲ. 2018ರ ನವೆಂಬರ್‌ನಲ್ಲಿ ಹಿಮ ತಡವಾಗಿ, ಮೊದಲೇ ಬುಕ್ ಮಾಡಿದ ಪ್ರವಾಸಗಳು ಎಡವಟ್ಟಾದವು. ಅದಕ್ಕೇ ಲೆವಿ, ರುಕಾದಂಥ ದೊಡ್ಡ ಸ್ಕೀ ಕೇಂದ್ರಗಳು ಹಿಂದಿನ ಚಳಿಗಾಲದ ಹಿಮವನ್ನು ಬೇಸಿಗೆಯಿಡೀ ಮುಚ್ಚಿಟ್ಟು ಅಕ್ಟೋಬರ್‌ನಲ್ಲಿ ಹರಡುತ್ತವೆ. ಸಣ್ಣ ಕಾಟೇಜಿನವನಿಗೆ ಆ ಸೌಕರ್ಯ ಇಲ್ಲ. ಹಾಗಾಗಿ ಅಂಥ ಕೇಂದ್ರದ ಹತ್ತಿರ ಇರುವ ಕಾಟೇಜಿಗೆ ಬೆಲೆ ಜಾಸ್ತಿ ಕೊಟ್ಟರೂ ತಪ್ಪಿಲ್ಲ ಎಂದು ನನಗೆ ಅನಿಸುತ್ತದೆ. ಕಾಡಿನ ನಡುವೆ ಒಂಟಿಯಾಗಿ ನಿಂತ ಕಾಟೇಜ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಲೆಕ್ಕದ ಪುಸ್ತಕದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಇದು ಯಾವ ಊರಿನ ನಿಜ ದರವೂ ಅಲ್ಲ, ಲೆಕ್ಕ ಹೇಗೆ ಕರಗುತ್ತದೆ ಎಂದು ನೋಡಲು ಅಷ್ಟೇ. ಎರಡೂವರೆ ಲಕ್ಷ ಯೂರೋದ ಕಾಟೇಜ್. ರಾತ್ರಿಗೆ 200 ಯೂರೋ, ವರ್ಷಕ್ಕೆ 120 ರಾತ್ರಿ ತುಂಬಿತು ಅಂದುಕೊಳ್ಳಿ. 24,000 ಯೂರೋ ಬಂತು. ವರ್ಷದ ವಹಿವಾಟು 20,000 ಯೂರೋ ದಾಟಿದ್ದರಿಂದ ವ್ಯಾಟ್ ಬೀಳುತ್ತದೆ. ವಸತಿಯ ಮೇಲಿನ ವ್ಯಾಟ್ 2025ರ ಜನವರಿಯಲ್ಲಿ 10ರಿಂದ 14%ಗೆ ಏರಿತು, 2026ರಿಂದ 13.5%. ಅಲ್ಲಿಗೆ ಸುಮಾರು 2,850 ಹೋಯಿತು. ಬುಕಿಂಗ್ ಆ್ಯಪಿನ ಕಮಿಷನ್ 15% ಅಂತಿಟ್ಟುಕೊಂಡರೆ 3,600. ಮೂರು ರಾತ್ರಿಗೊಮ್ಮೆ ಗಿರಾಕಿ ಬದಲಾದರೆ 40 ಸಲ ಮನೆ ತೊಳೆದು ಹಾಸಿಗೆ ಬದಲಿಸಬೇಕು. ಸಲಕ್ಕೆ 120 ಯೂರೋದಂತೆ 4,800. ಕರೆಂಟು ಮತ್ತು ಸೌನಾ (ಬಿಸಿ ಹಬೆಯ ಸ್ನಾನದ ಕೋಣೆ) ಸೇರಿ ಬಿಸಿಯ ಖರ್ಚು 3,000. ಹಿಮ ತೆಗೆಸುವುದು, ರಸ್ತೆ, ವಿಮೆ, ಕಸ, ಆಸ್ತಿ ತೆರಿಗೆ ಎಲ್ಲಾ ಸೇರಿ 2,500. ಕೈಯಲ್ಲಿ ಉಳಿದದ್ದು 7,250. ಅಂದರೆ ಹಾಕಿದ ದುಡ್ಡಿನ 3%ಗೂ ಸ್ವಲ್ಪ ಕಡಿಮೆ. ಬ್ಯಾಂಕ್ ಬಡ್ಡಿ, ಆದಾಯ ತೆರಿಗೆ, ರಿಪೇರಿ ಇನ್ನೂ ಕಳೆದಿಲ್ಲ. ಖರ್ಚಿನ ಮೇಲೆ ಕಟ್ಟಿದ ವ್ಯಾಟ್ ಸ್ವಲ್ಪ ವಾಪಸ್ ಬರಬಹುದು, ಅಷ್ಟೇ ಸಮಾಧಾನ.

ಇದೇ ಕಾಟೇಜನ್ನು ಅದೇ ಊರಲ್ಲಿದ್ದುಕೊಂಡು ಗಂಡ ಹೆಂಡತಿ ನಡೆಸಿದರೆ ಆ 4,800ರಲ್ಲಿ ಬಹುಪಾಲು ಮನೆಯಲ್ಲೇ ಉಳಿಯುತ್ತದೆ, ಕಮಿಷನ್ ಇಲ್ಲದ ನೇರ ಬುಕಿಂಗ್‌ಗಳೂ ಬರುತ್ತವೆ. ನಾನು ಶುರುವಿನಲ್ಲಿ ಫೆಬ್ರವರಿ ಬಗ್ಗೆ ಕೇಳಿದ್ದು ಇದಕ್ಕೇ. ಮೈನಸ್ 30ರಲ್ಲಿ ರಾತ್ರಿ ಕರೆಂಟು ಹೋಗಿ ಪೈಪು ಹೆಪ್ಪುಗಟ್ಟಿದರೆ, ಹೆಲ್ಸಿಂಕಿಯಿಂದ ಲೆವಿಗೆ ಸಾವಿರ ಕಿಲೋಮೀಟರ್. ನಿಮ್ಮ ಪರವಾಗಿ ಓಡುವವರಿಗೆ ದುಡ್ಡು ಕೊಡಲೇಬೇಕು. ಅದೂ ಹೆಚ್ಚು ದುಡಿಮೆಯ ತಿಂಗಳಲ್ಲಿ ಅಂಥವರು ಸಿಗುವುದೇ ಕಷ್ಟ. ಲೆವಿಯಂಥ ಊರಲ್ಲಿ ಕೆಲಸಗಾರರಿಗೆ ಉಳಿಯಲು ಮನೆ ಸಿಗದಿರುವುದೇ ದೊಡ್ಡ ತಲೆನೋವು. ಹಾಗೆ ನೋಡಿದರೆ, ಪ್ರವಾಸಿಗರಿಗಲ್ಲದೆ ಅಲ್ಲಿನ ಸೀಸನ್ ಕೆಲಸಗಾರರಿಗೆ ತಿಂಗಳ ಬಾಡಿಗೆಗೆ ಕೊಡುವ ಸಾದಾ ಮನೆ ಕಡಿಮೆ ಗೋಜಿನದು. ಈ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ ಅಲ್ವಾ.

ರೊವಾನಿಯೆಮಿಯಲ್ಲಿ ಅಪಾರ್ಟ್‌ಮೆಂಟ್ ಕೊಂಡು ದಿನಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಸ್ವಲ್ಪ ತಾಳಿ. ವಸತಿ ಕಟ್ಟಡಗಳಲ್ಲಿ ಸೂಟ್‌ಕೇಸ್ ಎಳೆದುಕೊಂಡು ಬರುವವರ ಬಗ್ಗೆ ಊರಿನವರ ಅಸಮಾಧಾನ ಬೆಳೆದಿದೆ. ದಿನಬಾಡಿಗೆ ಮನೆಗಳ ಮಾಹಿತಿಯನ್ನು ಆ್ಯಪ್‌ಗಳು ಸರ್ಕಾರದ ಜೊತೆ ಹಂಚಿಕೊಳ್ಳಬೇಕು ಎನ್ನುವ ಯುರೋಪಿಯನ್ ಒಕ್ಕೂಟದ ನಿಯಮ 2026ರ ಮೇ 20ರಿಂದ ಅನ್ವಯ. ನಿಯಮ ಸಡಿಲವಾಗುವ ದಿಕ್ಕಿನಲ್ಲಿ ಗಾಳಿ ಬೀಸುತ್ತಿಲ್ಲ.

ಇನ್ನೂ ಒಂದು ಬಲೆ ಇದೆ. ವರ್ಷದಲ್ಲಿ ಒಂದು ನಿರ್ದಿಷ್ಟ ವಾರ ಮಾತ್ರ ನಿಮ್ಮದು ಎನ್ನುವ ವಾರದ ಷೇರುಗಳು ಒಂದು ಯೂರೋಗೂ ಮಾರಾಟಕ್ಕೆ ಕಾಣಿಸುತ್ತವೆ. ಮಾರುವವರು ದಾನಿಗಳಲ್ಲ. ವರ್ಷಾವರ್ಷ ಕಟ್ಟಬೇಕಾದ ನಿರ್ವಹಣಾ ಶುಲ್ಕದಿಂದ ಪಾರಾಗಲು ನೋಡುತ್ತಿರುತ್ತಾರೆ.

ಕೈನುವಿನಲ್ಲೂ ಕಾಟೇಜ್ ವ್ಯವಹಾರ ಇದೆ, ಆದರೆ ಅದರ ಗಿರಾಕಿಯೇ ಬೇರೆ. ಸೊತ್ಕಮೊ ಊರಿನ ವುವೊಕಟ್ಟಿ ಸ್ಕೀ ಕೇಂದ್ರಕ್ಕೆ ಬರುವವರು ಹೆಚ್ಚಾಗಿ ಫಿನ್ನಿಶ್ ಕುಟುಂಬಗಳು ಮತ್ತು ಕ್ರೀಡಾಪಟುಗಳು. ಕುಹ್ಮೊ, ಸುವೊಮುಸ್ಸಲ್ಮಿ ಕಡೆ ಗಡಿಯ ಹತ್ತಿರದ ಕಾಡಿನಲ್ಲಿ ರಾತ್ರಿಯಿಡೀ ಮರದ ಗೂಡಿನಲ್ಲಿ ಕೂತು ಕರಡಿ ನೋಡಲು, ಫೋಟೋ ತೆಗೆಯಲು ಯುರೋಪಿನವರು ಬೇಸಿಗೆಯಲ್ಲಿ ಬರುತ್ತಾರೆ. ಕುಹ್ಮೊದಲ್ಲಿ 1970ರಿಂದ ಚೇಂಬರ್ ಸಂಗೀತೋತ್ಸವ ನಡೆಯುತ್ತಿದೆ, ಆ ಜುಲೈ ದಿನಗಳಲ್ಲಿ ಊರು ತುಂಬುತ್ತದೆ. ಬೆಲೆ ಕಡಿಮೆ, ಪೈಪೋಟಿ ಕಡಿಮೆ, ವಿಮಾನಗಳೂ ಕಡಿಮೆ. 2023ರ ಡಿಸೆಂಬರ್‌ನಿಂದ ರಷ್ಯಾದ ಜೊತೆಗಿನ ಭೂಗಡಿ ಜನರ ಓಡಾಟಕ್ಕೆ ಪೂರ್ತಿ ಮುಚ್ಚಿದೆ, ಕುಹ್ಮೊದ ವಾರ್ತಿಯುಸ್ ದಾರಿಯೂ ಸೇರಿ. ಆ ಕಡೆಯ ಗಿರಾಕಿಯನ್ನು ನಂಬಿ ಹಾಕಿದ ಲೆಕ್ಕಗಳೆಲ್ಲ ಈಗ ರದ್ದಿ.

ಕಾಡು: ದೂರ ಇರುವವರಿಗೆ

ಫಿನ್ಲೆಂಡಿನ ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಕುಟುಂಬಗಳ ಒಡೆತನದಲ್ಲಿದೆ. ಮಾರುಕಟ್ಟೆ ಹಳೆಯದು, ದಾಖಲೆಗಳು ಚೊಕ್ಕ. ಯಾವ ಭಾಗದಲ್ಲಿ ಯಾವ ಜಾತಿಯ ಮರ, ಎಷ್ಟು ವಯಸ್ಸು, ಎಷ್ಟು ಘನ ಮೀಟರ್ ಇದೆ ಎನ್ನುವ ಯೋಜನೆಯ ಕಡತ ಮಾರಾಟದ ಜೊತೆಗೇ ಬರುತ್ತದೆ. ನಿಮ್ಮ ಪರವಾಗಿ ನೋಡಿಕೊಳ್ಳಲು ಊರೂರಲ್ಲೂ ಅರಣ್ಯ ಮಾಲೀಕರ ಸಂಘಗಳಿವೆ. ಗಿಡ ನೆಡಿಸುವುದರಿಂದ ಹಿಡಿದು ಮರ ಹರಾಜಿಗೆ ಹಾಕುವವರೆಗೆ ಎಲ್ಲವನ್ನೂ ಅವರೇ ಮಾಡಿಸಿಕೊಡುತ್ತಾರೆ. ಔಲುವಿನಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವರಿಗೆ ಇದಕ್ಕಿಂತ ಹೊಂದುವ ಆಸ್ತಿ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಆದರೆ ಅಡಿಕೆ ತೋಟದ ಹಾಗೆ ವರ್ಷಾವರ್ಷ ಕಾಸು ಕೈಗೆ ಬರುತ್ತದೆ ಅಂದುಕೊಂಡರೆ ಕೆಟ್ಟಿರಿ. ಇಲ್ಲಿನ ಪೈನ್ ಮರ ಪೂರ್ತಿ ಬಲಿಯಲು ದಕ್ಷಿಣದಲ್ಲೇ 60-80 ವರ್ಷ ಬೇಕು, ಉತ್ತರದಲ್ಲಿ 100 ದಾಟುತ್ತದೆ. ನಡುವೆ ಎರಡು ಮೂರು ಸಲ, ದಟ್ಟವಾಗಿ ಬೆಳೆದ ಮರಗಳಲ್ಲಿ ಕೆಲವನ್ನು ತೆಗೆದು ಉಳಿದವಕ್ಕೆ ಜಾಗ ಮಾಡುತ್ತಾರೆ. ಆಗ ಸ್ವಲ್ಪ ದುಡ್ಡು. ಹಾಗಾಗಿ ಎಳೆಯ ಕಾಡು ಅಗ್ಗ ಎಂದು ಕೊಂಡರೆ ಫಲ ನಿಮ್ಮ ಮೊಮ್ಮಕ್ಕಳಿಗೆ. ಹೂಡಿಕೆ ಅಂತ ನೋಡುವವರು ವಯಸ್ಸುಗಳು ಬೆರೆತಿರುವ, ಇನ್ನು ಐದು ಹತ್ತು ವರ್ಷದಲ್ಲಿ ಒಂದಷ್ಟು ಕಡಿತಕ್ಕೆ ಬರುವ ಕಾಡನ್ನೇ ಹುಡುಕಬೇಕು.

ಲ್ಯಾಪ್‌ಲ್ಯಾಂಡಿನಲ್ಲಿ ಹೆಕ್ಟೇರ್ ಬೆಲೆ ದೇಶದಲ್ಲೇ ಅತ್ಯಂತ ಅಗ್ಗ. ಅಲ್ಲಿ ಮರ ಬೆಳೆಯುವುದೂ ಅಷ್ಟೇ ನಿಧಾನ. ಕೈನು ನಡುವಿನದು. ಇಲ್ಲಿ ಕಾಡಿನ ಆಯ್ಕೆ ಬಂದರೆ ನನ್ನ ಓಟು ಕೈನುವಿಗೆ. ಮತ್ತೆ ಒಂದು ಕಾಲ್ಪನಿಕ ಲೆಕ್ಕ: 40 ಹೆಕ್ಟೇರ್, ಒಟ್ಟು 1 ಲಕ್ಷ ಯೂರೋ. ಹೆಕ್ಟೇರಿಗೆ ವರ್ಷಕ್ಕೆ 4 ಘನ ಮೀಟರ್ ಬೆಳೆದರೆ 160 ಘನ ಮೀಟರ್. ಕಡಿಯದೆ ನಿಂತ ಮರವನ್ನೇ ಘನ ಮೀಟರಿಗೆ ಸರಾಸರಿ 35 ಯೂರೋಗೆ ಮಾರಿದರೆ ವರ್ಷದ ಲೆಕ್ಕಕ್ಕೆ 5,600. ಗಿಡ ನೆಡುವುದು, ಕಳೆ ಪೊದೆ ತೆಗೆಯುವುದು, ರಸ್ತೆ, ಸಂಘದ ಶುಲ್ಕ ಕಳೆದರೆ 4%ನ ಆಸುಪಾಸು. ಇದು ಪ್ರತಿ ವರ್ಷ ಖಾತೆಗೆ ಬೀಳುವ ದುಡ್ಡಲ್ಲ, ಮರದಲ್ಲೇ ಕೂಡಿಕೊಳ್ಳುವ ದುಡ್ಡು. ಬೆಲೆ ಬಿದ್ದ ವರ್ಷ ಮಾರದೆ ಸುಮ್ಮನಿರಬಹುದು, ಮರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಕಾಟೇಜಿಗೆ ಈ ಅನುಕೂಲ ಇಲ್ಲ. ಖಾಲಿ ಹೋದ ರಾತ್ರಿ ಹೋಯಿತು.

ತೆರಿಗೆಯಲ್ಲೂ ಕಾಡಿಗೆ ಒಂದು ರಿಯಾಯಿತಿ ಇದೆ. ಖಾಸಗಿ ವ್ಯಕ್ತಿಯಾಗಿ ಕೊಂಡರೆ, ಕೊಂಡ ಬೆಲೆಯ 60%ವರೆಗೆ ಕಾಲಕ್ರಮೇಣ ಮರದ ಆದಾಯದಿಂದ ಕಳೆಯಬಹುದು. ಯಾವ ವರ್ಷವಾದರೂ ಆ ವರ್ಷದ ಆದಾಯದ 60% ಮೀರದಂತೆ. 20,000 ಯೂರೋದ ಮರ ಮಾರಿದಿರಿ ಅನ್ನಿ. 12,000 ಕಳೆದು ಉಳಿದ 8,000ಕ್ಕೆ ಮಾತ್ರ 30% ತೆರಿಗೆ, ಅಂದರೆ 2,400. ಮುಂದೆ ಆ ಕಾಡನ್ನೇ ಮಾರಿದರೆ ಬಳಸಿಕೊಂಡ ರಿಯಾಯಿತಿ ಲಾಭಕ್ಕೆ ಸೇರಿಕೊಳ್ಳುತ್ತದೆ, ಅದು ನೆನಪಿರಲಿ.

ಮರ ಕೊಳ್ಳುವವರು ಯಾರು? 2022ರಲ್ಲಿ ರಷ್ಯಾದಿಂದ ಮರ ಬರುವುದು ನಿಂತ ಮೇಲೆ ಫಿನ್ನಿಶ್ ಮರಕ್ಕೆ ಬೇಡಿಕೆ ಏರಿತು. 2023ರ ಸೆಪ್ಟೆಂಬರ್‌ನಲ್ಲಿ ಕೆಮಿ ಊರಲ್ಲಿ ಮೆಟ್ಸಾ ಗ್ರೂಪಿನ ಸುಮಾರು 200 ಕೋಟಿ ಯೂರೋದ ಪಲ್ಪ್ ಕಾರ್ಖಾನೆ ಶುರುವಾಯಿತು. ವರ್ಷಕ್ಕೆ ಸುಮಾರು 76 ಲಕ್ಷ ಘನ ಮೀಟರ್ ಮರ ನುಂಗುವ ಸಾಮರ್ಥ್ಯ ಅದಕ್ಕಿದೆ. ಹಲಗೆ ಕೊಯ್ಯುವಷ್ಟು ದಪ್ಪವಿಲ್ಲದ ಉತ್ತರದ ತೆಳು ಮರಕ್ಕೂ ಇದರಿಂದ ದಾರಿಯಾಯಿತು. ಆದರೆ ಅದೇ ಕೆಮಿಯಲ್ಲಿ 2021ರಲ್ಲಿ ವೈತ್ಸಿಲುವೊಟೊ ಕಾಗದ ಕಾರ್ಖಾನೆ ಮುಚ್ಚಿತ್ತು. ಬೆರಳೆಣಿಕೆಯ ಕಾರ್ಖಾನೆಗಳ ಕೈಯಲ್ಲಿ ಬೆಲೆ ಇದೆ ಎನ್ನುವುದೇ ಕಾಡಿನ ನಿಜವಾದ ಅಪಾಯ, ಕಾಡ್ಗಿಚ್ಚಲ್ಲ.

ಕಾಡು ಕೊಂಡವರಿಗೆ ಮೊದಲ ವರ್ಷ ಅಚ್ಚರಿ ತರುವ ಸಂಗತಿಗಳು ಕೆಲವಿವೆ. ನಿಮ್ಮ ಕಾಡಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಹಣ್ಣು, ಅಣಬೆ ಕೀಳಬಹುದು. ಬೇಲಿ ಹಾಕಿ ಇದು ನನ್ನ ಜಾಗ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಿಮಸಾರಂಗ ಸಾಕಣೆಯ ಗಡಿಯೊಳಗೆ ಇದ್ದರೆ, ಅಂದರೆ ಲ್ಯಾಪ್‌ಲ್ಯಾಂಡಿನ ಬಹುಭಾಗ ಮತ್ತು ಕೈನುವಿನ ಉತ್ತರ ಭಾಗ, ಯಾರದೋ ಸಾರಂಗ ನಿಮ್ಮ ಕಾಡಿನಲ್ಲಿ ಮೇಯುವುದಕ್ಕೆ ಕಾನೂನಿನ ಹಕ್ಕಿದೆ. ನೀವೇ ಸಾರಂಗ ಸಾಕೋಣ ಎಂದರೆ ಆಗುವುದಿಲ್ಲ. ಯುರೋಪಿಯನ್ ಆರ್ಥಿಕ ವಲಯದ ಪೌರರಾಗಿ, ಆ ಸೀಮೆಯಲ್ಲೇ ವಾಸವಿರುವವರಿಗೆ ಮಾತ್ರ ಆ ಅವಕಾಶ. ಖಾಸಗಿ ಮಣ್ಣುರಸ್ತೆ ಬಳಸುವವರೆಲ್ಲ ಸೇರಿ ರಸ್ತೆ ಸಂಘ ಮಾಡಿಕೊಂಡಿರುತ್ತಾರೆ, ನಿಮ್ಮ ಪಾಲಿನ ಖರ್ಚು ಕೊಡಬೇಕು. ಮರ ಕಡಿಯುವ ಮೊದಲು ಕನಿಷ್ಠ 10 ದಿನ ಮುಂಚೆ ಅರಣ್ಯ ಕೇಂದ್ರಕ್ಕೆ ತಿಳಿಸಬೇಕು, ಪೂರ್ತಿ ಕಡಿದ ಜಾಗದಲ್ಲಿ ಹೊಸ ಕಾಡು ಬೆಳೆಸುವುದು ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾಗಿ ಗಣಿ ನಕ್ಷೆ ನೋಡಿ. ಲ್ಯಾಪ್‌ಲ್ಯಾಂಡಿನಲ್ಲಿ ಕಿತ್ತಿಲಾದ ಚಿನ್ನದ ಗಣಿ, ಕೈನುವಿನಲ್ಲಿ ಸೊತ್ಕಮೊದ ನಿಕ್ಕೆಲ್ ಗಣಿ. ಎರಡೂ ಕಡೆ ಅದಿರು ಹುಡುಕುವವರು ಜಾಸ್ತಿ. ಅನುಮತಿ ಪಡೆದ ಕಂಪನಿ ನಿಮ್ಮ ಒಪ್ಪಿಗೆ ಇಲ್ಲದೆಯೂ ನಿಮ್ಮ ನೆಲದಲ್ಲಿ ಹುಡುಕಾಟ ನಡೆಸಬಹುದು. ಅದಕ್ಕೆ ನಿಮಗೆ ಸಿಗುವ ಪರಿಹಾರ ಮೊದಲ ವರ್ಷಗಳಲ್ಲಿ ಹೆಕ್ಟೇರಿಗೆ 20 ಯೂರೋ. ಸೊತ್ಕಮೊದ ಅದೇ ಗಣಿಯಲ್ಲಿ, ಆಗ ತಲ್ವಿವಾರಾ ಎಂಬ ಹೆಸರಿದ್ದಾಗ, 2012ರಲ್ಲಿ ತ್ಯಾಜ್ಯದ ಕೊಳ ಸೋರಿ ಕೆಳಗಿನ ನೀರು ಕೆಟ್ಟಿತ್ತು. ಕೆರೆ ಪಕ್ಕದ ಜಾಗ ನೋಡುವವರು ಹರಿವಿನ ಮೇಲ್ಭಾಗದಲ್ಲಿ ಏನಿದೆ ಎಂದು ನೋಡಲೇಬೇಕು.

ಕಾಡುಹಣ್ಣು

ಬಿಲ್‌ಬೆರಿ, ಲಿಂಗನ್‌ಬೆರಿ, ಕ್ಲೌಡ್‌ಬೆರಿ ಕಾಡಿನಲ್ಲಿ ತಾನಾಗಿ ಬೆಳೆಯುತ್ತವೆ, ಅದರಲ್ಲಿ ಸಣ್ಣ ಪಾಲನ್ನಷ್ಟೇ ಕೀಳುತ್ತಾರೆ. ಉಳಿದದ್ದು ಕೊಳೆಯುತ್ತದೆ. ಕೇಳಿದ ತಕ್ಷಣ ಇದೇ ದೊಡ್ಡ ಅವಕಾಶ ಅನಿಸುತ್ತದೆ. ಕೀಳುವವರು ಸಿಗದಿರುವುದರಿಂದಲೇ ಅದು ಕೊಳೆಯುವುದು. ವರ್ಷಗಳ ಕಾಲ ಥಾಯ್ಲೆಂಡಿನಿಂದ ಜನರನ್ನು ಕರೆಸಿ ಕೀಳಿಸಿದರು, ಅವರ ಶೋಷಣೆಯ ಪ್ರಕರಣಗಳು ಕೋರ್ಟಿಗೆ ಹೋದವು, ನಿಯಮ ಬಿಗಿಯಾಯಿತು. ದೊಡ್ಡ ಪ್ರಮಾಣದಲ್ಲಿ ಹಣ್ಣು ಕೊಳ್ಳುವ ವ್ಯವಹಾರಕ್ಕೆ ಹೊಸಬರು ಕೈ ಹಾಕಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸಣ್ಣದಾಗಿ ಮಾಡುವುದಾದರೆ ಬೇರೆ ಮಾತು. ಊರಿನವರೇ ಕಿತ್ತು ತಂದ ಹಣ್ಣನ್ನು ಕೊಂಡು ಪುಡಿ, ಜಾಮ್, ಜ್ಯೂಸ್ ಮಾಡಿ ಪ್ರವಾಸಿಗರಿಗೆ ಮಾರುವುದು. ಕಾಡುಹಣ್ಣು ಕಿತ್ತು ಮಾರಿದವರಿಗೆ ಆ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ತಂದುಕೊಡುವವರು ಸಿಗುತ್ತಾರೆ. ಬರ್ಚ್ ಮರದ ರಸ, ಸ್ಪ್ರೂಸ್ ಚಿಗುರು, ಮರದ ಮೇಲೆ ಬೆಳೆಯುವ ಚಾಗಾ ಅಣಬೆ ಮಾತ್ರ ಎಲ್ಲರ ಹಕ್ಕಿಗೆ ಸೇರಿಲ್ಲ, ಜಾಗದ ಮಾಲೀಕರ ಒಪ್ಪಿಗೆ ಬೇಕು. ಅಂದರೆ ಸ್ವಂತ ಕಾಡಿದ್ದವರಿಗೆ ಇಲ್ಲೊಂದು ಉಪ ಆದಾಯ ಇದೆ. ಇದನ್ನೇ ಮುಖ್ಯ ಕಸುಬು ಮಾಡಿಕೊಂಡು ಬದುಕುವುದು ಕಷ್ಟ. ಹಣ್ಣಿನ ಬೆಳೆ ಹೂ ಬಿಡುವಾಗಿನ ಒಂದು ರಾತ್ರಿಯ ಮಂಜಿಗೂ ಹಾಳಾಗಬಹುದು.

ನಡೆಯುತ್ತಿರುವ ವ್ಯವಹಾರ ಕೊಳ್ಳುವುದು

ಕುಟುಂಬ ಸಮೇತ ಉತ್ತರಕ್ಕೆ ಹೋಗಿ ನೆಲೆಸಲು ನಿಜವಾಗಿ ಸಿದ್ಧರಿರುವವರಿಗೆ ನಾನು ಹೇಳುವುದು ಇದನ್ನೇ. ಹೊಸದು ಶುರು ಮಾಡಬೇಡಿ, ಇರುವುದನ್ನು ಕೊಳ್ಳಿ. ಕೈನು ಮತ್ತು ಲ್ಯಾಪ್‌ಲ್ಯಾಂಡ್ ಎರಡರಲ್ಲೂ ವಯಸ್ಸಾದ ಮಾಲೀಕರು ತಮ್ಮ ಅಂಗಡಿ, ಕೆಫೆ, ಟ್ಯಾಕ್ಸಿ, ಹಿಮ ತೆಗೆಯುವ ಟ್ರ್ಯಾಕ್ಟರ್, ಕಾಟೇಜ್ ಸ್ವಚ್ಛತೆ, ಶೌಚದ ಗುಂಡಿ ಖಾಲಿ ಮಾಡುವ ಲಾರಿ ಇಂಥವನ್ನು ವಹಿಸಿಕೊಳ್ಳುವವರಿಲ್ಲದೆ ಮುಚ್ಚುತ್ತಿದ್ದಾರೆ. ಮಕ್ಕಳು ಔಲುವಿಗೋ ಹೆಲ್ಸಿಂಕಿಗೋ ಹೋಗಿಬಿಟ್ಟಿದ್ದಾರೆ. ಇವು ಕಾಟೇಜಿನಷ್ಟು ಚೆಂದದ ವ್ಯವಹಾರಗಳಲ್ಲ. ಆದರೆ ಹಿಮ ತಡವಾದರೂ ಶೌಚದ ಗುಂಡಿ ತುಂಬುವುದು ನಿಲ್ಲುವುದಿಲ್ಲ. ಕಾಟೇಜ್ ಮಾಲೀಕರ ಲೆಕ್ಕದಲ್ಲಿ ಮೇಲೆ ಕಳೆದ ಆ ಖರ್ಚುಗಳಿವೆಯಲ್ಲ, ಅವೆಲ್ಲ ಇವರ ಆದಾಯ.

ಸಾಲಕ್ಕೆ ಸರ್ಕಾರದ ಹಣಕಾಸು ಸಂಸ್ಥೆ ಫಿನ್ವೇರಾ ಜಾಮೀನು ಕೊಡುತ್ತದೆ, ಹಳ್ಳಿಯ ಸಣ್ಣ ಯೋಜನೆಗಳಿಗೆ ಯುರೋಪಿಯನ್ ಒಕ್ಕೂಟದ ಗ್ರಾಮಾಭಿವೃದ್ಧಿ ಹಣ ಹಂಚುವ ಸ್ಥಳೀಯ ಲೀಡರ್ ಗುಂಪುಗಳಿಂದ ಸಹಾಯಧನ ಸಿಗಬಹುದು. ಸಹಾಯಧನ ಬರುತ್ತದೆ ಎಂದು ನಂಬಿ ಖರೀದಿಗೆ ಸಹಿ ಹಾಕಬೇಡಿ, ಅರ್ಜಿ ಹಾಕುವ ಮೊದಲು ಮಾಡಿದ ಖರ್ಚಿಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಸ್ವಂತ ಉದ್ಯಮಿಗೆ ಯೆಲ್ ಎಂಬ ಪಿಂಚಣಿ ವಿಮೆ ಕಡ್ಡಾಯ, ಅದನ್ನು ತಿಂಗಳ ಖರ್ಚಿಗೆ ಸೇರಿಸಿಕೊಳ್ಳಿ. ಕೆಲಸಗಾರರನ್ನು ಇಟ್ಟುಕೊಂಡರೆ, ಕಾನೂನಿನಲ್ಲಿ ಕನಿಷ್ಠ ಕೂಲಿ ಅಂತ ಇಲ್ಲದಿದ್ದರೂ ಕಾರ್ಮಿಕ ಸಂಘಗಳ ಒಪ್ಪಂದದ ದರ ಕೊಡಲೇಬೇಕು. ಭಾನುವಾರ, ರಾತ್ರಿ ಕೆಲಸಕ್ಕೆ ಹೆಚ್ಚಿಗೆ ಬೇರೆ.

ಭಾಷೆ ದೊಡ್ಡ ಅಡ್ಡಿ. ಪ್ರವಾಸಿಗರ ಜೊತೆ ಇಂಗ್ಲಿಷ್ ಸಾಕು, ಊರಿನವರಿಗೆ ಸೇವೆ ಕೊಡಲು ಫಿನ್ನಿಶ್ ಬೇಕೇ ಬೇಕು. ಹಳೆಯ ಮಾಲೀಕರನ್ನು ಒಂದು ವರ್ಷವಾದರೂ ಜೊತೆಗಿರುವಂತೆ ಒಪ್ಪಂದದಲ್ಲೇ ಬರೆಸಿಕೊಂಡರೆ ಅರ್ಧ ಕಷ್ಟ ಕಡಿಮೆ. ಗಿರಾಕಿಗಳು ಅವರ ಮುಖ ನೋಡಿ ಬರುವವರು.

ಇಂಡಿಯನ್ ಹೋಟೆಲ್ ಹಾಕೋಣವೇ ಎನ್ನುವವರಿಗೆ ಒಂದೇ ಮಾತು. ಫಿನ್ಲೆಂಡಿನ ಸಣ್ಣ ಊರುಗಳಿಗೂ ನೇಪಾಳಿ ರೆಸ್ಟೋರೆಂಟ್‌ಗಳು ಮೊದಲೇ ಹೋಗಿ ಕೂತಿವೆ. ಅವರ ಮಧ್ಯಾಹ್ನದ ಬಫೆ ದರದ ಜೊತೆ ಪೈಪೋಟಿ ಮಾಡಿ ಗೆಲ್ಲುವುದು ಹುಡುಗಾಟವಲ್ಲ.

ಸಫಾರಿ, ಸ್ನೋಮೊಬೈಲ್, ನಾರ್ದರ್ನ್ ಲೈಟ್ಸ್ ಪ್ರವಾಸ ನಡೆಸುವ ಕಂಪನಿಗೂ ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಉತ್ತರದಲ್ಲಿ ನೆಲದ ದೊಡ್ಡ ಪಾಲು ಸರ್ಕಾರದ್ದು. ಅದನ್ನು ನೋಡಿಕೊಳ್ಳುವ ಮೆಟ್ಸಾಹಲ್ಲಿತುಸ್ ಜೊತೆ ಒಪ್ಪಂದ ಇಲ್ಲದೆ ರಾಷ್ಟ್ರೀಯ ಉದ್ಯಾನಗಳಲ್ಲಿ ವ್ಯವಹಾರ ನಡೆಸುವಂತಿಲ್ಲ. ಇನಾರಿ, ಉತ್ಸ್‌ಯೊಕಿ, ಎನೊಂಟೆಕಿಯೊ ಕಡೆ ಮೂಲನಿವಾಸಿಗಳಾದ ಸಾಮಿ ಜನರ ತಾಯ್ನೆಲ. ಅವರ ಉಡುಪು, ಹಾಡು, ಪೂಜೆಯನ್ನು ಹೊರಗಿನವರು ಪ್ರದರ್ಶನಕ್ಕಿಡುವ ಬಗ್ಗೆ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೈತಿಕ ಮಾರ್ಗಸೂಚಿಗಳನ್ನು ಕೊಟ್ಟಿದೆ. ಅಲ್ಲಿನವರನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳದೆ ಆ ಕಡೆ ಹೋಗಬೇಡಿ.

ಗಾಳಿ ವಿದ್ಯುತ್, ಡೇಟಾ ಸೆಂಟರ್ ಸಣ್ಣವರ ಆಟವಲ್ಲ. ಕಯಾನಿಯಲ್ಲಿ 2008ರಲ್ಲಿ ಮುಚ್ಚಿದ ಕಾಗದ ಕಾರ್ಖಾನೆಯ ಜಾಗದಲ್ಲಿ ಈಗ ಯುರೋಪಿನ ಲೂಮಿ ಸೂಪರ್‌ಕಂಪ್ಯೂಟರ್ ಕೂತಿದೆ, ಅದರ ಬಿಸಿ ಊರಿನ ಮನೆಗಳನ್ನು ಬೆಚ್ಚಗಿಡುತ್ತದೆ. ಅದರಿಂದ ನಿಮಗೆ ಸಿಗಬಹುದಾದದ್ದು ಬಾಡಿಗೆಗೆ ಮನೆ ಕೇಳುವ ಕೆಲವು ಎಂಜಿನಿಯರ್‌ಗಳು, ಅಷ್ಟೇ. ಗಾಳಿಗಿರಣಿ ಕಂಪನಿ ಬಂದು ಜಾಗಕ್ಕೆ ಬಾಡಿಗೆ ಕೊಡುತ್ತದೆ ಎನ್ನುವ ಆಸೆಯಿಂದ ಗಡಿಭಾಗದಲ್ಲಿ ಕಾಡು ಕೊಳ್ಳಬೇಡಿ. ರಾಡಾರ್‌ಗೆ ಅಡ್ಡಿಯಾಗುತ್ತದೆ ಎಂದು ಸೇನೆ ಪೂರ್ವದಲ್ಲಿ ಬಹಳಷ್ಟು ಯೋಜನೆಗಳಿಗೆ ಒಪ್ಪುವುದಿಲ್ಲ.

ಯಾರಿಗೆ ಯಾವುದು

ಉತ್ತರದಲ್ಲೇ ವಾಸ ಮಾಡುವವರಿಗೆ ನಡೆಯುತ್ತಿರುವ ಸೇವಾ ವ್ಯವಹಾರ, ಅದರ ಜೊತೆಗೆ ಬೇಕಿದ್ದರೆ ಒಂದು ಕಾಟೇಜ್. ದಕ್ಷಿಣದಲ್ಲಿ ಅಥವಾ ಔಲುವಿನಲ್ಲಿ ಕೆಲಸದಲ್ಲಿರುವವರಿಗೆ ಕೈನುವಿನ ಕಾಡು. ರಜೆಗೆ ತಾವೇ ಹೋಗಲು ಕಾಟೇಜ್ ಬೇಕೆಂದರೆ ಕೊಳ್ಳಿ, ಅದನ್ನು ಹೂಡಿಕೆ ಎಂದು ಕರೆಯದಿದ್ದರೆ ಆಯಿತು.

ಕರ್ನಾಟಕದಲ್ಲೇ ಕೂತು ಕೊಳ್ಳಬೇಕೆನ್ನುವವರಿಗೆ ನನ್ನ ಸಲಹೆ ಬೇಡ ಎಂಬುದೇ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಆದ್ದರಿಂದ ಕೊಳ್ಳುವುದು ಸಾಧ್ಯ. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ, ಅದು ಆಮೇಲೆ ತೆರಿಗೆಗೆ ಹೊಂದಿಕೆಯಾದರೂ ದುಡ್ಡು ಅಷ್ಟು ದಿನ ಸಿಕ್ಕಿಕೊಳ್ಳುತ್ತದೆ. ಬಾಡಿಗೆ ಮೇಲೆ ಫಿನ್ಲೆಂಡಿನಲ್ಲಿ 30% ತೆರಿಗೆ, ಭಾರತದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರ. ಇಷ್ಟೆಲ್ಲ ಮಾಡಿ ಕೈಗೆ ಬರುವುದು ನಮ್ಮ ಬ್ಯಾಂಕಿನ ಠೇವಣಿ ಬಡ್ಡಿಗಿಂತ ಕಡಿಮೆ ಇದ್ದರೆ ಯಾಕೆ ಬೇಕು ಹೇಳಿ.

ಉಳಿದವರು ಜಾಗ ನೋಡಲು ಹೋಗುವುದಾದರೆ ಡಿಸೆಂಬರ್ ಬೇಡ, ಜುಲೈಯೂ ಬೇಡ. ಮೇ ತಿಂಗಳ ಮೊದಲ ವಾರ ಹೋಗಿ. ಹಿಮ ಕರಗಿ ಮಣ್ಣುರಸ್ತೆಗಳು ಕೆಸರಾಗಿ ಭಾರದ ಲಾರಿಗಳಿಗೆ ನಿರ್ಬಂಧ ಹಾಕಿರುತ್ತಾರೆ. ಹಾಗಾಗಿ ನಿಮ್ಮ ಕಾಡಿನ ದಾರಿ ಹೇಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಸ್ಕೀ ಊರಲ್ಲಿ ಯಾವ ಅಂಗಡಿ, ಯಾವ ಕೆಫೆ ಆಗಲೂ ಬಾಗಿಲು ತೆರೆದಿದೆ ಎಂದು ಬರೆದುಕೊಳ್ಳಿ. ವ್ಯವಹಾರ ಕೊಳ್ಳುವ ಮಾತುಕತೆಯನ್ನು ಅವರಿಂದಲೇ ಶುರು ಮಾಡಬಹುದು.